ರಾಜ್ಯ ಒಪ್ಪಿದರೂ ಗ್ರೀನ್ ಕಾರ್ಡ್ ಒಪ್ಪುವುದಿಲ್ಲ

ಎಲ್ಲರಿಗೂ ನಮಸ್ಕಾರ. ಮಗಳು ಈ ಆಗಸ್ಟಿನಲ್ಲಿ ಕಾಲೇಜಿನ ಹಾಸ್ಟೆಲ್ಲಿಗೆ ಹೋಗುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ, "ಅಪ್ಪ, ಇಲ್ಲಿ 21 ಆದಮೇಲೆ ಗಾಂಜಾ ಲೀಗಲ್ ಅಲ್ವಾ?" ಅಂತ ಕೇಳಿದಳು. ಕ್ಯಾಲಿಫೋರ್ನಿಯಾದ ಮಟ್ಟಿಗೆ ಅದು ನಿಜ. 2016ರಲ್ಲಿ ಜನರೇ ಮತ ಹಾಕಿ ಒಪ್ಪಿದ್ದಾರೆ. ಆದರೆ ನಮ್ಮದಿನ್ನೂ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಸಿಟಿಜನ್‌ಶಿಪ್ ಅಲ್ಲ. ಅದನ್ನು ಕೊಡುವವರೂ ಕಿತ್ತುಕೊಳ್ಳುವವರೂ ಫೆಡರಲ್ ಸರ್ಕಾರದವರು, ಅಂದರೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ. ಅವರ 1970ರ ಕಾನೂನಿನಲ್ಲಿ ಮೋಜಿಗೆ ಗಾಂಜಾ ಸೇದುವುದಕ್ಕೆ ಜಾಗವೇ ಇಲ್ಲ.

ಊರಲ್ಲಿ ಬೆಳೆದ ನಮಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಅಲ್ಲಿ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆ ಕೇಂದ್ರದ ಕಾನೂನು, ಆದರೂ ಕೇಸು ಹಾಕುವವರು ನಮ್ಮ ಠಾಣೆಯ ಪೊಲೀಸರೇ. ಇಲ್ಲಿ ಹಾಗಲ್ಲ. ಫೆಡರಲ್ ಕಾನೂನನ್ನು ಜಾರಿ ಮಾಡಿ ಅಂತ ರಾಜ್ಯದ ಅಧಿಕಾರಿಗಳಿಗೆ ವಾಷಿಂಗ್ಟನ್ ಅಪ್ಪಣೆ ಕೊಡುವಂತಿಲ್ಲ. 1997ರ ಪ್ರಿಂಟ್ಜ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಹಾಗಾಗಿ ಇಲ್ಲಿನ ಪೊಲೀಸರು ಗಾಂಜಾ ಅಂಗಡಿಗಳ ತಂಟೆಗೆ ಹೋಗುವುದಿಲ್ಲ. ಮಕ್ಕಳು ಅದನ್ನು ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ.

ಮಗಳಿಗೆ ಡಯಾನ್ ಮಾನ್ಸನ್ ಕೇಸು ಹೇಳಿದೆ. ಬೆನ್ನುನೋವಿಗೆ ಡಾಕ್ಟರ ಸಲಹೆ ಪಡೆದು ಮನೆಯಲ್ಲೇ 6 ಗಾಂಜಾ ಗಿಡ ಬೆಳೆಸಿಕೊಂಡಿದ್ದ ಕ್ಯಾಲಿಫೋರ್ನಿಯಾದ ಹೆಂಗಸು. 2002ರಲ್ಲಿ ಕೌಂಟಿಯ (ಇಲ್ಲಿನ ಜಿಲ್ಲೆಯ) ಪೊಲೀಸರೂ ಫೆಡರಲ್ ಏಜೆಂಟರೂ ಒಟ್ಟಿಗೆ ಮನೆಗೆ ಬಂದರು. ಔಷಧಿಗೆ ಬೆಳೆಸಿದ್ದರಿಂದ ರಾಜ್ಯದ ಕಾನೂನಿನಂತೆ ತಪ್ಪೇನಿಲ್ಲ ಅಂತ ಕೌಂಟಿಯವರೇ ಒಪ್ಪಿದರು. 3 ಗಂಟೆ ಜಗ್ಗಾಟ ನಡೆಯಿತು. ಕೊನೆಗೆ ಫೆಡರಲ್ ಏಜೆಂಟರು ಆರೂ ಗಿಡಗಳನ್ನು ನಾಶ ಮಾಡಿದರು. 2005ರಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಫೆಡರಲ್ ಸರ್ಕಾರದ ಪರವೇ ನಿಂತಿತು. ನೋವಿಗೆ ಬೆಳೆಸಿದ ಗಿಡಕ್ಕೇ ಹೀಗಾದರೆ ಪಾರ್ಟಿಯಲ್ಲಿ ಸೇದಿದ್ದಕ್ಕೆ ಯಾರು ದಯೆ ತೋರಿಸುತ್ತಾರೆ?

"ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದವರಿಗೆ ಬೈಡನ್ ಕ್ಷಮೆ ಕೊಟ್ಟರಲ್ಲ" ಅಂತ ಅವಳ ಮುಂದಿನ ಪ್ರಶ್ನೆ. ಕೊಟ್ಟಿದ್ದು ಹೌದು, 2022ರ ಅಕ್ಟೋಬರಿನಲ್ಲಿ. ಆದರೆ ಅಧ್ಯಕ್ಷರ ಕ್ಷಮೆ ಫೆಡರಲ್ ಅಪರಾಧಕ್ಕೆ ಮಾತ್ರ. ರಾಜ್ಯದ ಕೋರ್ಟಿನ ಶಿಕ್ಷೆಯನ್ನು ಅವರು ಮುಟ್ಟುವಂತಿಲ್ಲ, ನೀವೂ ಕ್ಷಮಿಸಿ ಅಂತ ಗವರ್ನರುಗಳನ್ನು ಕೇಳಿಕೊಳ್ಳಬಹುದು, ಅವರು ಮಾಡಿದ್ದೂ ಅಷ್ಟೇ. ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನನ್ನು ಒಂದು ಸಹಿಯಲ್ಲಿ ರದ್ದು ಮಾಡುವ ಅಧಿಕಾರವೂ ಅವರಿಗಿಲ್ಲ. ಇನ್ನೊಂದು ವಿಷಯ, ಆ ಕ್ಷಮೆ ಸಿಟಿಜನ್‌ಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಸಿಕ್ಕಿತು. ಎಚ್-4 (ಅಪ್ಪ-ಅಮ್ಮನ ಕೆಲಸದ ವೀಸಾದ ಜೊತೆ ಬಂದವರದು), ಎಫ್-1 (ಓದಲು ಬಂದವರದು) ವೀಸಾದ ಮಕ್ಕಳಿಗೆ ಸಿಗಲಿಲ್ಲ.

ಪೊಲೀಸರ ಕೈಗೆ ಸಿಗದಿದ್ದರೂ ತೊಂದರೆ ಇದೆ. ಸಿಟಿಜನ್‌ಶಿಪ್ ಸಂದರ್ಶನದಲ್ಲಿ "ಸೇದಿದ್ದೇನೆ" ಅಂತ ಒಪ್ಪಿಕೊಂಡರೂ ಅರ್ಜಿ ತಿರಸ್ಕಾರ ಆಗಬಹುದು. ಗಾಂಜಾ ಅಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸವೂ ಅಡ್ಡ ಬರಬಹುದು. 2019ರಲ್ಲಿ ಇಮಿಗ್ರೇಷನ್ ಇಲಾಖೆಯೇ ಇದನ್ನು ಬರೆದು ತಿಳಿಸಿತು. ಹಾಗಂತ ಸುಳ್ಳು ಹೇಳಿದರೆ ಅದು ಇನ್ನೂ ದೊಡ್ಡ ತಪ್ಪು. ಈಗಾಗಲೇ ಏನಾದರೂ ಆಗಿದ್ದರೆ ಅರ್ಜಿ ಹಾಕುವ ಮೊದಲು, ಊರಿಗೆ ಟಿಕೆಟ್ ತೆಗೆಯುವ ಮೊದಲು, ಇಮಿಗ್ರೇಷನ್ ವಕೀಲರನ್ನು ನೋಡಿ.

ಮಗಳು ಪೂರ್ತಿ ಕೇಳಿದಳು. "ರೂಮ್‌ಮೇಟ್ ಸೇದಿದರೆ ನಾನೇನು ಮಾಡಲಿ?" ಅಂದಳು. ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಮಕ್ಕಳನ್ನು ಹಾಸ್ಟೆಲ್ಲಿಗೆ ಕಳಿಸಿದವರು ನೀವೇನು ಹೇಳಿದಿರಿ, ದಯವಿಟ್ಟು ತಿಳಿಸಿ.