ಅಪ್‌ಡೇಟ್: ತಂಗಿಯ ಹೆರಿಗೆ ಆಯಿತು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಬೆಳ್ತಂಗಡಿ ಕಡೆಯ ಹಳ್ಳಿಯಲ್ಲಿರುವ ತಂಗಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸೇರಿಯನ್‌ಗೆ 80 ಸಾವಿರ ಹೇಳಿದ್ದಾರೆ, ಏನು ಮಾಡಲಿ ಅಂತ. ಮಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಲೇಡಿಗೋಶನ್‌ಗೆ ಹೋಗಿ ಎಂದಿರಿ. ಹೋದೆವು. ಹೆಣ್ಣು ಮಗು, ಇಬ್ಬರೂ ಆರಾಮ.

ಸಿಸೇರಿಯನ್ನೇ ಆಯಿತು. ಆದರೆ ಆಪರೇಷನ್, ಔಷಧಿ, ಪರೀಕ್ಷೆ ಯಾವುದಕ್ಕೂ ದುಡ್ಡು ಕೇಳಲಿಲ್ಲ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಎಂಬ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದೆಲ್ಲ ಉಚಿತ. ಸಿಸೇರಿಯನ್ ಆದರೆ 7 ದಿನ ಊಟವೂ ಸಿಗುತ್ತದೆ. ಅಮ್ಮ ಮಾತ್ರ ಆ ಊಟ ನಂಬದೆ ಚಿಕ್ಕಮ್ಮನ ಮನೆಯಿಂದ ದಿನಾ ಗಂಜಿ ತಂದರು! ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್ (ಗರ್ಭಿಣಿ ಎಂದು ನೋಂದಾಯಿಸಿದಾಗ ಕೊಡುವ ಕಾರ್ಡ್) ಮರೆಯಬೇಡಿ. ಆಶಾ ಕಾರ್ಯಕರ್ತೆ ನೆನಪಿಸದಿದ್ದರೆ ನಾವು ಅದನ್ನು ಮನೆಯಲ್ಲೇ ಬಿಡುತ್ತಿದ್ದೆವು.

ಹಾಗಂತ ಖರ್ಚೇ ಇಲ್ಲ ಅಂತಲ್ಲ. ಊರು ದೂರ, ಅವಳ ಗಂಡ 8 ದಿನ ಕೂಲಿ ಬಿಟ್ಟು ನಿಂತರು. ಬಸ್ಸು, ಹೋಟೆಲು ಸೇರಿ 6 ಸಾವಿರ ದಾಟಿತು. ವಾಪಸ್ ಮನೆಗೆ ಮಾತ್ರ ನಗು-ಮಗು ಗಾಡಿಯಲ್ಲೇ (ಬಾಣಂತಿ, ಮಗುವನ್ನು ಮನೆಗೆ ಬಿಡುವ ಸರ್ಕಾರದ ಉಚಿತ ವಾಹನ) ಬಿಟ್ಟರು.