ಬ್ರಿಡ್ಜ್‌ನಲ್ಲಿ ಆಕ್ಟಿವ್, ನೆಕ್‌ನಲ್ಲಿ ಪ್ಯಾಸಿವ್: ಎರಡೂ ಒಟ್ಟಿಗೆ ಕೇಳಿಸಬೇಕು ಅಂದರೆ?

ಆರುತಂತಿ:
ಎಲ್ಲರಿಗೂ ನಮಸ್ಕಾರ. ನನ್ನ ಗಿಟಾರ್‌ನಲ್ಲಿ ಎರಡೂ ಇಎಂಜಿ ಕಂಪನಿಯ ಆಕ್ಟಿವ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ; ಆಕ್ಟಿವ್ ಅಂದರೆ ಬ್ಯಾಟರಿ ಬೇಕಾದದ್ದು). ಬ್ರಿಡ್ಜ್‌ನಲ್ಲಿ (ತಂತಿಗಳ ಬುಡದ ಕಡೆ) 81, ನೆಕ್‌ನಲ್ಲಿ (ಕತ್ತಿನ ಕಡೆ) 85 ಮಾಡೆಲ್. ಈ 81 ಬಿಡೋಕೆ ಮನಸ್ಸಿಲ್ಲ. ಡಿಸ್ಟಾರ್ಷನ್ ಎಷ್ಟು ಏರಿಸಿದರೂ ರಿದಮ್ ಬಿಗಿಯಾಗಿ ನಿಲ್ಲುತ್ತದೆ. ಆದರೆ ಕ್ಲೀನ್ ನುಡಿಸುವಾಗ ನೆಕ್‌ಗೆ ಹಳೇ ಮಾದರಿಯ, ಬ್ಯಾಟರಿ ಬೇಡದ ಪ್ಯಾಸಿವ್ ಹಂಬಕರ್ (ಎರಡು ಸುರುಳಿಯ ಪಿಕಪ್) ಬೇಕು ಅನ್ನಿಸುತ್ತಿದೆ. ಎರಡು ವಾಲ್ಯೂಮ್, ಒಂದು ಟೋನ್, ಮೂರು ಸ್ಥಾನದ ಸ್ವಿಚ್ ಇವೆ. ಪಾಟ್‌ಗಳೆಲ್ಲ (ಆ ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ರೆಸಿಸ್ಟರ್) 25ಕೆ, ಅಂದರೆ 25 ಸಾವಿರ ಓಮ್. ಸುಮ್ನೆ 85 ತೆಗೆದು ಪ್ಯಾಸಿವ್ ಕೂರಿಸಿದರೆ ನಡೆಯುತ್ತಾ? ಎರಡೂ ಪಿಕಪ್ ಒಟ್ಟಿಗೆ ಕೇಳಿಸುವ, ಸ್ವಿಚ್‌ನ ನಡುವಿನ ಸ್ಥಾನ ನನಗೆ ಬೇಕೇ ಬೇಕು. ಅದನ್ನು ಮರೆತುಬಿಡಿ ಅಂತ ಮಾತ್ರ ಹೇಳಬೇಡಿ.

ಫುಲ್‌ವಾಲ್ಯೂಮ್:
25ಕೆ ಪಾಟ್‌ಗೆ ಪ್ಯಾಸಿವ್ ಹಾಕಿದರೆ ಟ್ರೆಬಲ್ ಎಲ್ಲ ಹೋಗಿ ಮಂಕಾಗುತ್ತದೆ. ಪಾಟ್‌ಗಳನ್ನೆಲ್ಲ 500ಕೆ ಮಾಡಿ, ಮುಗೀತು. 81ಕ್ಕೆ ಅದರಿಂದ ತೊಂದರೆಯೇನಿಲ್ಲ. ಅದರ ವಾಲ್ಯೂಮ್ ಮಾತ್ರ ಲೈಟ್ ಸ್ವಿಚ್ ಥರ ಆಗುತ್ತದೆ, ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ನಾನಂತೂ 10ರಿಂದ ಕೆಳಗೆ ಇಳಿಸುವವನೇ ಅಲ್ಲ.

ಬೆಸುಗೆ:
500ಕೆ ಅರ್ಧ ಉತ್ತರ ಅಷ್ಟೇ. ಸ್ವಿಚ್‌ನ ಎರಡು ತುದಿಗಳಿಗೆ ಅದು ಸರಿ. ಇವರು ಕೇಳುತ್ತಿರುವುದು ನಡುವಿನದ್ದು, ಅಲ್ವಾ?

81ರ ಒಳಗೆ ಪುಟ್ಟ ಪ್ರೀಆಂಪ್ (ಸಿಗ್ನಲ್‌ಗೆ ಬಲ ಕೊಡುವ ಸರ್ಕ್ಯೂಟ್) ಇದೆ. 9 ವೋಲ್ಟ್ ಬ್ಯಾಟರಿ ಅದಕ್ಕೇ. ಅದರ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 10ಕೆ. ಪ್ಯಾಸಿವ್ ಅಂದರೆ ಬರೀ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಮೀಟರ್ ಇಟ್ಟರೆ 8ಕೆ ತೋರಿಸುತ್ತದೆ. ಅದನ್ನು ನೋಡಿ ಎರಡೂ ಹೆಚ್ಚುಕಮ್ಮಿ ಒಂದೇ ಅಂದುಕೊಳ್ಳುವವರು ಬಹಳ. ಆದರೆ ಮೀಟರ್ ತೋರಿಸುವುದು ಡಿಸಿ ರೆಸಿಸ್ಟೆನ್ಸ್ ಮಾತ್ರ. ಸುರುಳಿಯ ಇಂಡಕ್ಟೆನ್ಸ್ (ಫ್ರೀಕ್ವೆನ್ಸಿ ಏರಿದಷ್ಟೂ ತಡೆ ಹೆಚ್ಚಿಸುವ ಗುಣ) 4 ಹೆನ್ರಿ ಅಂತ ಇಟ್ಟುಕೊಳ್ಳಿ. 1 ಕಿಲೋಹರ್ಟ್ಸ್‌ನಲ್ಲಿ ಅದೊಂದೇ 25ಕೆ ಆಗುತ್ತದೆ, 3 ಕಿಲೋಹರ್ಟ್ಸ್‌ನಲ್ಲಿ 75ಕೆ.

ಈಗ ಸ್ವಿಚ್ ನಡುವೆ ತನ್ನಿ. ಪ್ಯಾಸಿವ್‌ಗೆ ಲೋಡ್ ಆಗಿ, ಅಂದರೆ ಸಿಗ್ನಲ್ ಎಳೆದುಕೊಳ್ಳುವ ಹೊರೆಯಾಗಿ ನಿಲ್ಲುವುದು 81ರ ಆ 10ಕೆ. ಪಾಟ್ 500ಕೆ ಇರಲಿ, 1 ಮೆಗ್ ಇರಲಿ, ಅದು ಬದಲಾಗುವುದಿಲ್ಲ. 1 ಕಿಲೋಹರ್ಟ್ಸ್‌ನಲ್ಲೇ ಪ್ಯಾಸಿವ್‌ನ ಸಿಗ್ನಲ್ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಮೇಲೆ ಹೋದಷ್ಟೂ ಇನ್ನೂ ಕಡಿಮೆ. ನಿಮಗೆ ಕೇಳಿಸುವುದು 81, ಜೊತೆಗೆ ಸ್ವಲ್ಪ ಬೇಸ್.

ಹಾಗಾಗಿ ಪ್ಯಾಸಿವ್‌ಗೂ ಒಂದು ಬಫರ್ (ಪಿಕಪ್ ಮೇಲೆ ಆ ಹೊರೆ ಬೀಳದಂತೆ ತಡೆಯುವ ಪುಟ್ಟ ಸರ್ಕ್ಯೂಟ್) ಕೊಡಿ. ಇಎಂಜಿಯದೇ ಪಿಎ2 ಅನ್ನುವ ಪ್ರೀಆಂಪ್ ಸಿಗುತ್ತದೆ, ಗೇನ್ ಕೂಡ ಹೊಂದಿಸಿಕೊಳ್ಳಬಹುದು. ಸಾಲ್ಡರಿಂಗ್ ಕೈಹಿಡಿದಿದ್ದರೆ ಒಂದು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ಕೆಲವು ರೆಸಿಸ್ಟರ್, ಕೆಪಾಸಿಟರ್ ಸಾಕು. ಅದು ಪಿಕಪ್ ಮತ್ತು ವಾಲ್ಯೂಮ್ ಪಾಟ್ ನಡುವೆ ಬರಬೇಕು. ಸ್ವಿಚ್ ಆದಮೇಲೆ ಹಾಕಿದರೆ ದಂಡ, ಅಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಬಫರ್ ಬಂದಮೇಲೆ 25ಕೆ ಪಾಟ್‌ಗಳು ಹಾಗೇ ಇರಲಿ, ಬಿಚ್ಚಬೇಡಿ.

ನೀವೇ ಕಟ್ಟುವುದಾದರೆ ಎರಡು ವಿಷಯ. ಬಫರ್‌ನ ಔಟ್‌ಪುಟ್ ತೀರಾ ಲೋ ಇಂಪೀಡೆನ್ಸ್ ಆದರೆ ಆಟ ತಿರುಗಿ 81 ಅಡಗಿಹೋಗುತ್ತದೆ. ಸೀರೀಸ್‌ನಲ್ಲಿ 10ಕೆ ರೆಸಿಸ್ಟರ್ ಹಾಕಿದರೆ ಇಬ್ಬರೂ ಸಮ. ಇನ್ನೊಂದು, ಪ್ಯಾಸಿವ್‌ನ ದನಿಯಲ್ಲಿ ಪಾಟ್ ಮತ್ತು ಉದ್ದದ ಕೇಬಲ್‌ನ ಪಾಲೂ ಇದೆ. ಬಫರ್ ಅವೆರಡನ್ನೂ ಪಿಕಪ್‌ನಿಂದ ಬೇರೆ ಮಾಡುತ್ತದೆ. ಆಗ ದನಿ ಚೂಪಾಗುತ್ತದೆ. ಹಳೇ ರುಚಿ ಬೇಕಿದ್ದರೆ ಬಫರ್‌ನ ಇನ್‌ಪುಟ್‌ನಲ್ಲಿ ಗ್ರೌಂಡ್‌ಗೆ 500ಕೆ ರೆಸಿಸ್ಟರ್, 470 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ. ನನ್ನ ಕಿವಿಗೆ ಇದು ಬೇಕೇ ಬೇಕು.

ಆರುತಂತಿ:
ತುಂಬಾ ಥ್ಯಾಂಕ್ಸ್ ಸರ್. ಬ್ಯಾಟರಿ ಬೇಗ ಖಾಲಿಯಾಗುತ್ತಾ? ಪ್ಯಾಸಿವ್ ಬಂದರೆ ಹಮ್ (ಗುಂಯ್ ಅನ್ನುವ ಸದ್ದು) ಜಾಸ್ತಿ ಆಗಲ್ವಾ? ಫೇಸ್ ತಿರುಗುಮುರುಗು ಆದರೆ, ಅಂದರೆ ಎರಡು ಪಿಕಪ್‌ಗಳ ಸಿಗ್ನಲ್ ಒಂದಕ್ಕೊಂದು ವಿರುದ್ಧವಾದರೆ ಏನು ಮಾಡಲಿ?

ಬೆಸುಗೆ:
81 ಎಳೆಯುವುದು ಬರೀ 80 ಮೈಕ್ರೋಆಂಪ್. ಅದಕ್ಕೇ ಅಷ್ಟು ದಿನ ಬರುತ್ತದೆ. ಜೆಫೆಟ್ ಅರ್ಧ ಮಿಲಿಆಂಪ್ ಎಳೆದರೂ ಆಯಸ್ಸು ಸಾವಿರ ಗಂಟೆಗಿಂತ ಕೆಳಗೆ ಬರುತ್ತದೆ. ಅದೂ ಕಡಿಮೆಯೇನಲ್ಲ. ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ, ನಿಮ್ಮ ಸ್ಟೀರಿಯೋ ಜ್ಯಾಕೇ ಬ್ಯಾಟರಿಯ ಸ್ವಿಚ್.

ಹಮ್‌ಗೆ ಬ್ರಿಡ್ಜ್ ಗ್ರೌಂಡ್ ನೋಡಿ, ಅಂದರೆ ಬ್ರಿಡ್ಜ್‌ನಿಂದ ಗ್ರೌಂಡ್‌ಗೆ ಹೋಗುವ ವೈರ್. ಇಎಂಜಿ ಕೂರಿಸುವಾಗ ಆ ವೈರ್ ಬೇಡ ಅನ್ನುತ್ತಾರೆ. ಪ್ಯಾಸಿವ್‌ಗೆ ಅದು ಬೇಕು. ಮೊದಲು ಪ್ಯಾಸಿವ್ ಇದ್ದ ಗಿಟಾರ್ ಆದರೆ ಒಳಗೆ ಎಲ್ಲೋ ಟೇಪ್ ಸುತ್ತಿಕೊಂಡು ಬಿದ್ದಿರಬಹುದು, ಹುಡುಕಿ.

ನಡುವಿನ ಸ್ಥಾನದಲ್ಲಿ ದನಿ ತೆಳ್ಳಗೆ, ಮೂಗಿನಲ್ಲಿ ಮಾತಾಡಿದಂತೆ ಬಂದರೆ ಫೇಸ್ ಉಲ್ಟಾ ಅಂತ ಅರ್ಥ. ಪ್ಯಾಸಿವ್‌ನ ಎರಡು ವೈರ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ. 81ರಲ್ಲಿ ಅದು ಆಗದು. ಅದಕ್ಕೇ ಪ್ಯಾಸಿವ್ ಕೊಳ್ಳುವಾಗ ನಾಲ್ಕು ವೈರ್, ಬೇರೆ ಶೀಲ್ಡ್ ಇರುವುದನ್ನೇ ತಗೊಳ್ಳಿ. ಹೊರಗೆ ಹೆಣೆದ ಲೋಹದ ಜಾಲ, ಒಳಗೆ ಒಂದೇ ವೈರ್ ಇರುವ ಹಳೇ ಮಾದರಿಯಲ್ಲಿ ವೈರ್ ಬದಲಿಸಿದರೆ ಪಿಕಪ್‌ನ ಕವರ್ರೇ ಸಿಗ್ನಲ್‌ನ ಹಾಟ್ ತುದಿಯಾಗಿ ಗುಂಯ್‌ಗುಡುತ್ತದೆ.