ಮುಳುಗಿದ ಓಣಿಗಾಗಿ ದುಃಖಿಸುವುದು ಕಾಯಿಲೆಯೇ?

ನವನಗರ ನಿವಾಸಿ, ಬಾಗಲಕೋಟೆ (ಪ್ರಶ್ನೆ)

ನಮ್ಮದು ಹಳೆಯ ಬಾಗಲಕೋಟೆಯ ಮುಳುಗಡೆ ಕುಟುಂಬ. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ಊರಿನೊಳಗೆ ಬಂದಾಗ ನಮ್ಮ ಮನೆಯೂ ಹೋಯಿತು. ಪರಿಹಾರ ಬಂತು, ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ನಿವೇಶನ ಸಿಕ್ಕಿತು, ಮನೆ ಕಟ್ಟಿಸಿದೆವು. ಇಪ್ಪತ್ತು ವರ್ಷಗಳ ಮೇಲಾಗಿದೆ. ಆದರೂ ಎಪ್ಪತ್ತು ದಾಟಿದ ನಮ್ಮ ಅವ್ವ ಹಳೆಯ ಊರಿನ ಕಡೆಗೆ ಹೊರಟಾಗಲೆಲ್ಲ ‘ಊರಿಗೆ ಹೋಗಿ ಬರ್ತೀನಿ’ ಎಂದೇ ಹೇಳುತ್ತಾಳೆ. ಈಗಿರುವ ಸೆಕ್ಟರನ್ನು ಆಕೆ ಒಂದು ದಿನವೂ ಊರೆಂದು ಕರೆದವಳಲ್ಲ. ಹೋಳಿಯ ಹಲಗೆ ಸದ್ದು ಕೇಳಿದರೆ ಹೊಸಪೇಟೆಯ ಬಣ್ಣದ ಬಂಡಿಗಳ ನೆನಪು ತೆಗೆಯುತ್ತಾಳೆ. ಪ್ರತಿ ಮಳೆಗಾಲದಲ್ಲಿ ಜಲಾಶಯ ತುಂಬಿತೆಂಬ ಸುದ್ದಿ ಬಂದ ಮೇಲೆ ಕೆಲವು ವಾರ ಮಾತು ಕಡಿಮೆಯಾಗುತ್ತದೆ, ಊಟ ಸೇರುವುದಿಲ್ಲ. ಸಂಬಂಧಿಕರು ‘ರೊಕ್ಕ ಬಂತು, ಮನಿ ಆತು, ಇನ್ನೇನು ಬೇಕು’ ಎಂದು ಎದುರಿಗೇ ಹೇಳುತ್ತಾರೆ. ವೈದ್ಯರೊಬ್ಬರು ನಿದ್ದೆಯ ಮಾತ್ರೆ ಕೊಟ್ಟಿದ್ದಾರೆ.

ನಾನು ತಿಳಿಯಬಯಸುವುದು ಇಷ್ಟು: ಸತ್ತ ಮನುಷ್ಯರಿಗಾಗಿ ದುಃಖಿಸಿದಂತೆ ಜಾಗಕ್ಕಾಗಿಯೂ ಮನುಷ್ಯ ದುಃಖಿಸುತ್ತಾನೆ ಎಂಬುದನ್ನು ಮನಃಶಾಸ್ತ್ರ ಒಪ್ಪುತ್ತದೆಯೇ? ಒಪ್ಪುವುದಾದರೆ ಅದು ಕಾಯಿಲೆಯೇ? ಓಣಿಯ ತುಂಬ ಗೆಳತಿಯರಿದ್ದ ಹೆಂಗಸು ಇಲ್ಲಿ ನೆರೆಯವರೊಂದಿಗೆ ಏಕೆ ಬೆರೆಯಲಿಲ್ಲ?

ನಿವೃತ್ತ ಉಪನ್ಯಾಸಕ, ವಿಜಯಪುರ

ಮನಃಶಾಸ್ತ್ರ ಇದನ್ನು ಶೋಕವೆಂದೇ ಗುರುತಿಸಿದೆ, ಅದೂ ಅರುವತ್ತು ವರ್ಷಗಳ ಹಿಂದೆಯೇ. ಅಮೆರಿಕದ ಬಾಸ್ಟನ್ ನಗರದಲ್ಲಿ ವೆಸ್ಟ್ ಎಂಡ್ ಎಂಬ ಹಳೆಯ ಬಡಾವಣೆಯಿತ್ತು; ಇಕ್ಕಟ್ಟಾದ ಬೀದಿಗಳಲ್ಲಿ ದುಡಿಯುವ ವರ್ಗದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿದ್ದವು. ಆಡಳಿತವು ಅದನ್ನು ಕೊಳೆಗೇರಿಯೆಂದು ಸಾರಿ 1950ರ ದಶಕದ ಕೊನೆಯಲ್ಲಿ ನೆಲಸಮ ಮಾಡಿತು. ಅಲ್ಲಿಂದ ಎಬ್ಬಿಸಲ್ಪಟ್ಟವರನ್ನು ಮಾರ್ಕ್ ಫ್ರೀಡ್ ಎಂಬ ಮನಃಶಾಸ್ತ್ರಜ್ಞ ತಮ್ಮ ಸಹೋದ್ಯೋಗಿಗಳೊಂದಿಗೆ ಸ್ಥಳಾಂತರಕ್ಕೆ ಮೊದಲೂ ಆನಂತರವೂ ಸಂದರ್ಶಿಸಿ, 1963ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 250 ಮಹಿಳೆಯರಲ್ಲಿ ಶೇ 26ರಷ್ಟು ಮಂದಿ ಎರಡು ವರ್ಷ ಕಳೆದ ಮೇಲೂ ದುಃಖ ಇಂಗಿಲ್ಲವೆಂದರು. ಆರು ತಿಂಗಳಿಂದ ಎರಡು ವರ್ಷದವರೆಗೆ ಬಳಲಿದವರನ್ನೂ ಸೇರಿಸಿದರೆ ಈ ಪ್ರಮಾಣ ಶೇ 46ಕ್ಕೆ ಏರುತ್ತದೆ. ಪುರುಷರಲ್ಲಿ ಅದು ಶೇ 38ರಷ್ಟಿತ್ತು. ಹಂಬಲ, ಅಸಹಾಯಕತೆ, ಸಿಟ್ಟು, ಮೈಯಲ್ಲೇ ಕಾಣಿಸಿಕೊಳ್ಳುವ ನೋವುಗಳು, ಹೋದ ಜಾಗವನ್ನು ಕುಂದೇ ಇಲ್ಲದ್ದೆಂದು ನೆನೆಯುವುದು, ಇವೆಲ್ಲ ಆಪ್ತರನ್ನು ಕಳೆದುಕೊಂಡವರಲ್ಲಿ ಕಾಣುವ ಲಕ್ಷಣಗಳೇ ಎಂದು ಫ್ರೀಡ್ ಬರೆದರು.

ಇದರ ಕಾರಣವನ್ನು ಅವರು ಗೋಡೆ ಚಾವಣಿಗಳಲ್ಲಿ ಹುಡುಕಲಿಲ್ಲ. ಮನುಷ್ಯನಿಗೆ ‘ನಾನು’ ಎಂಬ ಭಾವನೆಯ ನಿರಂತರತೆಯನ್ನು ಕೊಡುವುದು ಎರಡು ಸಂಗತಿಗಳು ಎಂಬುದು ಅವರ ವಾದ: ದಿನವೂ ಕಾಲು ತಾನಾಗಿ ನಡೆಯುವ ದಾರಿಗಳು, ಮತ್ತು ತನ್ನನ್ನು ಗುರುತಿಸಿ ಮಾತನಾಡಿಸುವ ಜನರು. ನಿಮ್ಮ ತಾಯಿಯವರಿಗೆ ಇವೆರಡೂ ಒಂದೇ ಏಟಿಗೆ ಕಡಿದುಹೋದವು. ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದರೆ ಹಳೆಯ ಊರಿನವರಿಗೆ ಬರೀ ವಿಳಾಸವಾಗಿರಲಿಲ್ಲ. ಹೋಳಿಯಲ್ಲಿ ಯಾರ ಬಂಡಿಯ ಹಿಂದೆ ಯಾರು ಹೋಗಬೇಕು ಎಂಬುದರಿಂದ ಹಿಡಿದು ಸಾವಿನ ಮನೆಗೆ ಯಾರು ಮೊದಲು ಅನ್ನ ಒಯ್ಯಬೇಕು ಎಂಬುದರವರೆಗೆ ಅವರವರ ಪಾಲಿನ ಬಾಧ್ಯತೆಗಳು ಓಣಿಯಿಂದಲೇ ನಿಶ್ಚಯವಾಗುತ್ತಿದ್ದವು. ಪರಿಹಾರದ ಲೆಕ್ಕ ಮಾಡುವವರು ಚದರ ಅಡಿಯನ್ನು ಅಳೆದರು. ಅಳೆಯಲು ಬಾರದ ಈ ನಷ್ಟ ಯಾವ ಕಡತದಲ್ಲೂ ದಾಖಲಾಗಲಿಲ್ಲ, ನನ್ನ ದೃಷ್ಟಿಯಲ್ಲಿ ಪುನರ್ವಸತಿಯ ದೊಡ್ಡ ಕೊರತೆ ಅದೇ.

ಸಂಬಂಧಿಕರ ಮಾತಿನ ಬಗ್ಗೆಯೂ ಹೇಳಬೇಕು. ಸಮಾಜ ಒಪ್ಪದ, ಎಲ್ಲರೆದುರು ಆಚರಿಸಲು ಅವಕಾಶವಿಲ್ಲದ ಶೋಕವನ್ನು ಅಮೆರಿಕದ ಶೋಕ ಸಂಶೋಧಕ ಕೆನೆತ್ ಡೋಕಾ 1989ರಲ್ಲಿ ‘ಹಕ್ಕು ಕಳೆದುಕೊಂಡ ಶೋಕ’ ಎಂಬ ಅರ್ಥದ ಹೆಸರಿನಿಂದ ವಿವರಿಸಿದರು. ಮನುಷ್ಯ ಸತ್ತರೆ ಮಣ್ಣು, ದಿನಕರ್ಮ, ಬಂದು ಹೋಗುವ ಬೀಗರು, ಹೀಗೆ ದುಃಖಕ್ಕೊಂದು ದಾರಿಯಿರುತ್ತದೆ. ಓಣಿ ಮುಳುಗಿದಾಗ ಮಾತನಾಡಿಸಲು ಯಾರೂ ಬರಲಿಲ್ಲ, ಏಕೆಂದರೆ ಬರಬೇಕಾದವರೆಲ್ಲ ತಾವೂ ಗಂಟುಮೂಟೆ ಕಟ್ಟುತ್ತಿದ್ದರು. ಅದರ ಮೇಲೆ ‘ರೊಕ್ಕ ಬಂತಲ್ಲ’ ಎಂಬ ಮಾತು ಬಿದ್ದರೆ, ದುಃಖಿಸುವುದೇ ತಪ್ಪೆಂಬ ಭಾವನೆ ಬಂದು ಮನುಷ್ಯ ಮೌನವಾಗುತ್ತಾನೆ. ಈ ಮಾತನ್ನು ಮನೆಯಲ್ಲಿ ಯಾರೂ ಆಡದಂತೆ ದಯವಿಟ್ಟು ನೋಡಿಕೊಳ್ಳಿ.

ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಬೆಳಗಾವಿ

ಗುರುಗಳು ಹೇಳಿದ್ದಕ್ಕೆ ಎರಡು ವಿಷಯ ಸೇರಿಸುತ್ತೇನೆ. ಮಳೆಗಾಲದಲ್ಲೇ ಅಮ್ಮನವರು ಕುಗ್ಗುವುದು ಆಕಸ್ಮಿಕವಲ್ಲ. ನಷ್ಟ ಸಂಭವಿಸಿದ ಋತು ಮರಳಿ ಬಂದಾಗ ದುಃಖವೂ ಮರುಕಳಿಸುವುದು ಶೋಕದ ಅಧ್ಯಯನದಲ್ಲಿ ಚಿರಪರಿಚಿತ ಸಂಗತಿ. ಇಲ್ಲಿಯಂತೂ ನೀರು ಪ್ರತಿವರ್ಷ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ, ಅಂಚಿನಲ್ಲಿ ಹಳೆಯ ಬುನಾದಿಯ ಕಲ್ಲುಗಳು ಕಾಣಿಸಿಕೊಳ್ಳುತ್ತವೆ. ಪಾಲಿನ್ ಬಾಸ್ ಎಂಬ ವಿದ್ವಾಂಸೆ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡುತ್ತ, ಹೋದದ್ದು ಪೂರ್ತಿ ಹೋಯಿತೋ ಇಲ್ಲವೋ ಎಂಬುದು ನಿಶ್ಚಯವಾಗದಿದ್ದಲ್ಲಿ ಶೋಕಕ್ಕೆ ಕೊನೆ ಸಿಗುವುದಿಲ್ಲವೆಂದು ಗುರುತಿಸಿದರು. ಊರಿನ ಒಂದು ಭಾಗ ಇಂದಿಗೂ ಬದುಕಿದ್ದು ಉಳಿದ ಭಾಗ ಮುಳುಗಿರುವ ಬಾಗಲಕೋಟೆಯವರ ಸ್ಥಿತಿ ಇದಕ್ಕೆ ತೀರ ಹತ್ತಿರವಾದುದೆಂದು ನನಗೆ ತೋರುತ್ತದೆ.

ಎರಡನೆಯದು, ನೆರೆಯವರೊಂದಿಗೆ ಬೆರೆಯದಿರುವುದು. ಇದನ್ನು ಸ್ವಭಾವದ ದೋಷವೆಂದು ತಿಳಿಯಬೇಡಿ. ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ ಮತ್ತು ಸಂಗಡಿಗರು ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಟುಂಬಗಳ ವಸತಿಯಲ್ಲಿ ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರು ಯಾರ ಗೆಳೆಯರಾಗುತ್ತಾರೆ ಎಂಬುದನ್ನು ಅವರ ಅಭಿರುಚಿಗಿಂತ ಬಾಗಿಲುಗಳ ನಡುವಿನ ಅಂತರ ನಿರ್ಧರಿಸುತ್ತಿತ್ತು. ಪಕ್ಕದ ಬಾಗಿಲಿನವರು ಹೆಚ್ಚು ಆಪ್ತರಾದರು. ಮೆಟ್ಟಿಲು, ಅಂಚೆ ಡಬ್ಬಿಗಳ ಬಳಿ ಮನೆಯಿದ್ದವರಿಗೆ ಇತರ ಮಹಡಿಗಳಲ್ಲೂ ಗೆಳೆಯರು ಸಿಕ್ಕರು. ಉದ್ದೇಶವಿಲ್ಲದೆ ಮತ್ತೆ ಮತ್ತೆ ಮುಖ ಕಾಣುವುದರಿಂದ ಸ್ನೇಹ ಹುಟ್ಟುತ್ತದೆ. ಹಳೆಯ ಓಣಿಯಲ್ಲಿ ಮನೆಮುಂದಿನ ಕಟ್ಟೆ, ನೀರಿನ ನಳ, ಹಿಟ್ಟಿನ ಗಿರಣಿ, ಗುಡಿಯ ಮೆಟ್ಟಿಲು ಈ ಕೆಲಸವನ್ನು ದಿನಕ್ಕೆ ಹತ್ತಾರು ಬಾರಿ ಮಾಡುತ್ತಿದ್ದವು. ನವನಗರದಲ್ಲಿ ರಸ್ತೆ ಅಗಲವಾಗಿದೆ, ಪ್ರತಿ ಮನೆಗೂ ಕಂಪೌಂಡು ಗೋಡೆಯಿದೆ, ನೀರು ಒಳಗೇ ಬರುತ್ತದೆ. ಅನುಕೂಲ ಹೆಚ್ಚಿತು, ಆಕಸ್ಮಿಕ ಭೇಟಿ ನಿಂತುಹೋಯಿತು. ಐವತ್ತು ವಯಸ್ಸಿನಲ್ಲಿ ಹೊಸ ಗೆಳೆತನಕ್ಕಾಗಿ ಗೇಟು ತೆರೆಸಿ ಒಳಗೆ ಹೋಗಬೇಕೆಂದರೆ ಎಷ್ಟು ಹೆಂಗಸರು ಹೋಗುತ್ತಾರೆ?

ಸೆಕ್ಟರಿನ ಸೊಸೆ, ಬಾಗಲಕೋಟೆ

ಈ ಚರ್ಚೆಯಲ್ಲಿ ಹಳೆಯ ಓಣಿ ಎಲ್ಲರಿಗೂ ತವರಾಗಿತ್ತು ಎಂಬಂತೆ ಮಾತು ಬರುತ್ತಿರುವುದರಿಂದ ಬರೆಯುತ್ತಿದ್ದೇನೆ. ನಾನು ಅಲ್ಲಿಗೆ ಸೊಸೆಯಾಗಿ ಬಂದವಳು. ಮನೆಯಲ್ಲಿ ಶೌಚಾಲಯವಿರಲಿಲ್ಲ, ತಲೆಯ ಮೇಲಿನ ಸೆರಗು ಸರಿದರೂ ಕಟ್ಟೆಯ ಮೇಲೆ ಕುಳಿತವರು ಅತ್ತೆಗೆ ಸುದ್ದಿ ಮುಟ್ಟಿಸುತ್ತಿದ್ದರು. ಅಣ್ಣಾ, ನಿಮ್ಮ ಅವ್ವನ ದುಃಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನಗೆ ನವನಗರ ಉಸಿರಾಡಲು ಜಾಗ ಕೊಟ್ಟಿತು, ನನ್ನ ಮಗಳು ಸೈಕಲ್ ಕಲಿತದ್ದು ಇಲ್ಲಿಯ ರಸ್ತೆಯಲ್ಲಿ. ಊರಿನಿಂದ ಹೊರಗೆ ಕೇರಿಗಳಲ್ಲಿ ಇರಿಸಲ್ಪಟ್ಟವರನ್ನು ಕೇಳಿದರೆ ಅವರ ಉತ್ತರವೂ ಬೇರೆಯಾಗಿರಬಹುದು. ದುಃಖ ಪಡದವರನ್ನು ಮನಃಶಾಸ್ತ್ರ ಹೇಗೆ ನೋಡುತ್ತದೆ?

ನಿವೃತ್ತ ಉಪನ್ಯಾಸಕ, ವಿಜಯಪುರ

ತಂಗಿ, ನಿಮ್ಮ ಮಾತು ಈ ಚರ್ಚೆಗೆ ಅಗತ್ಯವಾಗಿ ಬೇಕಿತ್ತು. ಫ್ರೀಡ್ ಅವರ ಅಧ್ಯಯನದಲ್ಲಿಯೇ, ಬಡಾವಣೆಯನ್ನು ಹೆಚ್ಚು ಪ್ರೀತಿಸಿದವರು ಹೆಚ್ಚು ಶೋಕಿಸಿದರು, ಮೊದಲಿನಿಂದಲೂ ಅಲ್ಲಿ ಮನಸ್ಸಿಲ್ಲದೆ ಇದ್ದವರಲ್ಲಿ ಶೋಕ ಕಡಿಮೆಯಿತ್ತು. ದುಃಖವಾಗದಿರುವುದು ಮನಸ್ಸಿನ ಕಾಠಿಣ್ಯವಲ್ಲ. ಶೋಕ ಐದು ಮೆಟ್ಟಿಲುಗಳಲ್ಲಿ ಎಲ್ಲರಿಗೂ ಒಂದೇ ರೀತಿ ಸಾಗುತ್ತದೆಂಬ ನಂಬಿಕೆ ಬಹಳ ಹರಡಿದೆ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಐದು ಹಂತಗಳನ್ನು ವಿವರಿಸಿದ್ದು ಸಾವನ್ನು ಎದುರಿಸುತ್ತಿದ್ದ ರೋಗಿಗಳ ಕುರಿತು, ಮತ್ತು ನಂತರದ ಸಂಶೋಧನೆ ಅಂಥ ನಿಶ್ಚಿತ ಕ್ರಮವನ್ನು ಸಮರ್ಥಿಸಿಲ್ಲ. ಸಾವಿನ ನಂತರವೂ ಬಹಳಷ್ಟು ಜನ ಹೆಚ್ಚು ಕುಸಿಯದೆ ದಿನಚರಿಗೆ ಮರಳುತ್ತಾರೆ ಎಂಬುದನ್ನು ಮನಃಶಾಸ್ತ್ರಜ್ಞ ಜಾರ್ಜ್ ಬೊನಾನೊ ಅವರ ಅಧ್ಯಯನಗಳು ತೋರಿಸಿವೆ.

ಕೃಷ್ಣಾ ದಂಡೆಯವ, ಬೀಳಗಿ ತಾಲೂಕು

ನಾವಿನ್ನೂ ಊರು ಬಿಟ್ಟು ಎದ್ದಿಲ್ಲ. 2010ರ ಡಿಸೆಂಬರಿನಲ್ಲಿ ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚುವ ಕೃಷ್ಣಾ ಎರಡನೆಯ ನ್ಯಾಯಾಧೀಕರಣವು ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದಾಗಿನಿಂದ, ಹೋಗುವುದು ಯಾವಾಗ ಎಂದು ಕಾಯುತ್ತಿದ್ದೇವೆ. ಮನೆಗೆ ಸುಣ್ಣ ಹಚ್ಚಲೂ ಮನಸ್ಸು ಬರುವುದಿಲ್ಲ. ಹೋದವರಿಗೆ ಶೋಕವಾದರೆ ನಮ್ಮದೇನು?

ನಿವೃತ್ತ ಉಪನ್ಯಾಸಕ, ವಿಜಯಪುರ

ನಿಮ್ಮದು ಅನಿಶ್ಚಿತತೆಯ ಒತ್ತಡ, ಮತ್ತು ಅದು ನಿಶ್ಚಿತವಾದ ಕೇಡಿಗಿಂತಲೂ ಭಾರವಾಗಬಲ್ಲದು. ಲಂಡನ್ನಿನಲ್ಲಿ 45 ಸ್ವಯಂಸೇವಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೈಗೆ ವಿದ್ಯುತ್ತಿನ ಸಣ್ಣ ಆಘಾತ ಖಂಡಿತ ಆಗುತ್ತದೆಂದು ಗೊತ್ತಿದ್ದಾಗಿನದಕ್ಕಿಂತ, ಆಗಬಹುದು ಅಥವಾ ಆಗದಿರಬಹುದು ಎಂಬ ಶೇ 50ರ ಸಂದೇಹವಿದ್ದಾಗಲೇ ಅವರ ಒತ್ತಡ ಅತ್ಯಂತ ಹೆಚ್ಚಿತ್ತು. ಪ್ರಯೋಗಶಾಲೆಯ ಕ್ಷಣಗಳನ್ನು ನಿಮ್ಮ ವರ್ಷಗಳಿಗೆ ನೇರವಾಗಿ ಹೋಲಿಸಲಾಗದು, ಆದರೂ ಸುಣ್ಣ ಹಚ್ಚಲಾರದ ನಿಮ್ಮ ಸ್ಥಿತಿಯನ್ನು ಉದಾಸೀನವೆಂದು ಕರೆಯುವವರಿಗೆ ಇದನ್ನು ತಿಳಿಸಬೇಕು. ತೀರ್ಮಾನವನ್ನು ಬೇಗ ಕೊಡುವುದೇ ಇದಕ್ಕೆ ಔಷಧ, ಅದು ವೈದ್ಯರ ಕೈಯಲ್ಲಿಲ್ಲ.

ನವನಗರ ನಿವಾಸಿ, ಬಾಗಲಕೋಟೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಋಣಿ. ಮೇಡಂ, ಕಾಯಿಲೆಯೇ ಎಂಬ ಪ್ರಶ್ನೆ ಉಳಿದಿದೆ. ಚಿಕಿತ್ಸೆ ಬೇಕಾಗುವುದು ಯಾವಾಗ, ನಾವು ಮಾಡಬೇಕಾದದ್ದೇನು?

ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಬೆಳಗಾವಿ

ದೀರ್ಘಕಾಲದ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ರೋಗ ವರ್ಗೀಕರಣದಲ್ಲಿ ಒಂದು ತೊಂದರೆಯಾಗಿ ಸೇರಿಸಿದೆ, ಆದರೆ ಅದು ಆಪ್ತರ ಸಾವಿನ ನಂತರದ ಶೋಕಕ್ಕೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಊರಿಗಾಗಿ ದುಃಖಿಸುವುದಕ್ಕೆ ರೋಗದ ಹೆಸರಿಲ್ಲ, ಇರಬೇಕೆಂದೂ ನನಗನ್ನಿಸುವುದಿಲ್ಲ. ಖಿನ್ನತೆ ಬೇರೆ. ಊರಿನ ಮಾತು ಬಂದಾಗ ಕಣ್ಣೀರು ಬಂದರೂ ಮೊಮ್ಮಕ್ಕಳು ಬಂದಾಗ ಮುಖ ಅರಳುತ್ತಿದ್ದರೆ ಅದು ಶೋಕ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿಯಿಲ್ಲದೆ, ಊಟ ನಿದ್ದೆ ಕೆಟ್ಟು, ತಾನು ಯಾರಿಗೂ ಬೇಡವೆಂಬ ಮಾತು ಬರತೊಡಗಿದರೆ ಖಿನ್ನತೆಯೆಂದು ಭಾವಿಸಿ ಮನೋವೈದ್ಯರನ್ನು ಕಾಣಲೇಬೇಕು. ಅವರಿರುವ ವಯಸ್ಸಿನಲ್ಲಿ ಥೈರಾಯ್ಡ್, ಬಿ12 ಕೊರತೆ, ಮರೆವಿನ ಆರಂಭ ಕೂಡ ಹೀಗೆಯೇ ಕಾಣಿಸುವುದುಂಟು, ರಕ್ತಪರೀಕ್ಷೆ ಮಾಡಿಸಿ. ಸಾಯುವ ಮಾತು ಬಂದರೆ ಕಾಯದೆ ಅಂದೇ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯಲ್ಲಿ ಆಗಬೇಕಾದದ್ದು ಮರೆಸುವ ಪ್ರಯತ್ನವಲ್ಲ. ಶೋಕ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶೂಟ್ 1999ರಲ್ಲಿ ಮಂಡಿಸಿದ ವಿವರಣೆಯಂತೆ, ಶೋಕದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ಹೋಗಿ ಬರುತ್ತಿರುತ್ತಾರೆ, ಮತ್ತು ಆ ಓಡಾಟವೇ ಚೇತರಿಕೆಗೆ ಸಹಾಯಕ. ಓಣಿಯ ಮನೆಗಳ ಸಾಲನ್ನು ಅವರಿಂದ ಹೇಳಿಸಿ ಮೊಮ್ಮಕ್ಕಳಿಂದ ಬರೆಸಿ. ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಚದುರಿಹೋದ ಹಳೆಯ ಗೆಳತಿಯರಲ್ಲಿ ಇಬ್ಬರು ಮೂವರನ್ನಾದರೂ ಹುಡುಕಿ, ವಾರಕ್ಕೊಮ್ಮೆ ಸೇರಿಸಿ. ಫೋನಿನ ಮಾತು ಇದಕ್ಕೆ ಸಮವಲ್ಲ. ಹೋಳಿಗೆ ಖಂಡಿತ ಕರೆದುಕೊಂಡು ಹೋಗಿ. ಗೇಟಿನ ಹೊರಗೆ ಇಬ್ಬರು ಕುಳಿತುಕೊಳ್ಳುವಷ್ಟು ಕಟ್ಟೆ ಕಟ್ಟಿಸಲು ಸಾಧ್ಯವಾದರೆ ಕಟ್ಟಿಸಿ.

ನಿದ್ದೆಯ ಮಾತ್ರೆಯ ವಿಷಯ ಮಾತ್ರ ಬೇಗ ನೋಡಿ. ಈ ಬಗೆಯ ಬಹಳಷ್ಟು ಮಾತ್ರೆಗಳು ವಯಸ್ಸಾದವರಲ್ಲಿ ಬೀಳುವ ಅಪಾಯವನ್ನೂ ಮರೆವನ್ನೂ ಹೆಚ್ಚಿಸುತ್ತವೆ. ಬಹಳ ದಿನ ತೆಗೆದುಕೊಂಡಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಚೀಟಿ ಮತ್ತು ಮಾತ್ರೆಯ ಪಟ್ಟಿಯೊಂದಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋದರೆ, ಹಂತ ಹಂತವಾಗಿ ಇಳಿಸುವ ಕ್ರಮವನ್ನು ಅವರೇ ಬರೆದುಕೊಡುತ್ತಾರೆ.